ಹುಲಿಗೆವ್ವನ ಸಾಲು

ಹೊಳೆದಂಡೆಯ ಆಶ್ರಮವೊಂದರಲ್ಲಿ ಮಂತ್ರದ ಬದಲು ಅಂಕಿಅಂಶಗಳ ಶಾಸ್ತ್ರ ಹೇಳಿಕೊಡುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೂ ಕೇಳಿ.

ಅಲ್ಲಿನ ಗುರುಗಳು ಹಾಲಯ್ಯನವರು. ಸುತ್ತಲಿನ ಊರವರ ಬಾಯಲ್ಲಿ ಅಜ್ಜಾರು. ಪ್ರತಿ ಸೋಮವಾರ ಬೇವಿನ ಮರಕ್ಕೆ ತಕ್ಕಡಿ ಕಟ್ಟಿ, ಬಟ್ಟೆಯ ಜೋಳಿಗೆಯಲ್ಲಿ ಕೂಸುಗಳನ್ನು ಕೂರಿಸಿ ತೂಗುತ್ತಿದ್ದರು. ಒಂದು ಕೂಸಿಗೆ ಒಂದು ಸಾಲು. ಒಂದು ವಾರಕ್ಕೆ ಒಂದು ಚೌಕ.

ಹಾಗೆ ತೂಗುವುದು, ಬರೆಯುವುದು, ಬರೆದದ್ದನ್ನು ನೋಡಿ ಯಾವ ಕೂಸು ಸೊರಗುತ್ತಿದೆ ಎಂದು ಹೇಳುವುದು: ಇಷ್ಟು ಕಲಿಯಲು ವರ್ಷಕ್ಕೆ ಹತ್ತು ಹುಡುಗಿಯರು ಬರುತ್ತಿದ್ದರು. ಕಲಿತು ತಮ್ಮ ತಮ್ಮ ಊರಿಗೆ ಹೋಗಿ ಅದನ್ನೇ ಮಾಡುತ್ತಿದ್ದರು.

ಆ ವರ್ಷ ಗುರುಗಳ ಕಣ್ಣಿಗೆ ಪೊರೆ ಬಂತು. ಅಕ್ಷರವೆಲ್ಲ ಮಂಜು.

ಕೈಗೆ ಸಿಕ್ಕ ಶಿಷ್ಯ ಒಬ್ಬನೇ, ಓಬಳೇಶ. ಬಂದು ಎಂಟು ತಿಂಗಳಾಗಿತ್ತು. ಬಾಯಿಲೆಕ್ಕದಲ್ಲಿ ಗಟ್ಟಿಗ, ಉಳಿದದ್ದರಲ್ಲೆಲ್ಲ ಕೀಟಲೆ. ಧ್ಯಾನಕ್ಕೆ ಕೂತವರ ಪಂಚೆಯ ತುದಿಗಳನ್ನು ಒಂದಕ್ಕೊಂದು ಗಂಟು ಹಾಕಿ, ಊಟದ ಗಂಟೆ ಬಾರಿಸಿದ ಪುಣ್ಯಾತ್ಮ.

"ಈ ಸಲ ಪಾಠ ನೀ ಮಾಡಬೇಕು," ಎಂದರು ಗುರುಗಳು. "ಪುಸ್ತಕಾನೂ ನೀನ ಆರಿಸು."

"ನಿಮ್ಮ ಪುಸ್ತಕ ಐತಲ್ರಿ, ಅಜ್ಜಾರ?"

"ನೀ ಓದೀಯೇನು ಅದನ್ನ?"

"ಅದರ ಮ್ಯಾಲ ಮಲಗೀನ್ರಿ. ಎದ್ದು ನೋಡಿದ್ರ ಗಲ್ಲದ ಮ್ಯಾಲ ಸರಾಸರಿ ಸೂತ್ರ ಅಚ್ಚಾಗಿತ್ತು."

ಗುರುಗಳು ನಕ್ಕರು. ಮೂವತ್ತು ವರ್ಷ ತಿದ್ದಿ ತಿದ್ದಿ ಬರೆದ ಪುಸ್ತಕ ಅದು.

"ಹಂಗಾರ ನಿದ್ದಿ ಬರದಂಥದ್ದು ತಾ."

ಓಬಳೇಶ ಪೇಟೆಗೆ ಹೋದ. ಗ್ರಂಥಾಲಯದಲ್ಲಿ ಇಪ್ಪತ್ತು ಪುಸ್ತಕ ತೆರೆದು, ಹತ್ತೊಂಬತ್ತನ್ನು ಆಕಳಿಸಿ ಮುಚ್ಚಿದ. ಇಪ್ಪತ್ತನೆಯದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. ಪುಟಪುಟಕ್ಕೂ ಚಿತ್ರ, ಪುಟಪುಟಕ್ಕೂ ನಗೆ.

"ಕೇಳ್ರಿ ಅಜ್ಜಾರ. ಒಂಬತ್ತು ಮಂದಿ ಬೋಳುತಲಿಯವರು, ಮಂಡಿ ತನಕ ಜಡಿ ಬಿಟ್ಟ ಒಬ್ಬ ಬೈರಾಗಿ, ಒಂದ ಬೆಂಚಿನ ಮ್ಯಾಲ ಕುಂತಾರ. ಸರಾಸರಿ ತಗದ್ರ ಹತ್ತೂ ಮಂದಿಗೆ ಕ್ಷೌರ ಆಗಬೇಕಾಗೇತಿ."

ಗುರುಗಳು ಕೆಮ್ಮು ಬರುವಷ್ಟು ನಕ್ಕರು. ಕಣ್ಣು ಒರೆಸಿಕೊಂಡು ಕೇಳಿದರು:

"ಪೂರಾ ಓದಿದೇನು?"

"ನಗಿ ಬಂದಲ್ಲೆಲ್ಲಾ ಓದೀನ್ರಿ."

"ಇದರ ಪ್ರಕಾರ ಹ್ವಾದ ಚಳಿಗಾಲದ ತೂಕದ ಲೆಕ್ಕ ಮಾಡು. ಸರಿ ಬಂದ್ರ ಪಾಠ ನಿಂದು, ಪುಸ್ತಕಾನೂ ಇದ. ಹುಡುಗ್ಯಾರು ಬರಾಕ ಹತ್ತ ದಿನ ಉಳದಾವ."

ಓಬಳೇಶ ತೂಕದ ಪುಸ್ತಕ ಬಿಚ್ಚಿದ. ಇಪ್ಪತ್ತಮೂರು ಸಾಲು, ಹನ್ನೆರಡು ವಾರ. ನಡುನಡುವೆ ಖಾಲಿ ಚೌಕಗಳು. ಕೂಸು ಅಜ್ಜಿಯ ಊರಿಗೆ ಹೋಗಿದ್ದರೂ ಖಾಲಿ, ಜ್ವರ ಬಂದು ಮಲಗಿದ್ದರೂ ಖಾಲಿ. ಕೊನೆಯ ಸಾಲಿನಲ್ಲಂತೂ ಐದು ಚೌಕ ಒಟ್ಟಿಗೆ ಖಾಲಿ.

ಖಾಲಿ ಚೌಕಕ್ಕೆ ಏನು ಮಾಡಬೇಕು? ನಗೆಪುಸ್ತಕದಲ್ಲಿ ಅದಕ್ಕೂ ಒಂದು ಚಿತ್ರ ಇತ್ತು. ಹಲ್ಲು ಬಿದ್ದ ತಾತನೊಬ್ಬ ಬಾಯಿ ತೆರೆದು ನಿಂತಿದ್ದ. ಕೆಳಗೆ ಹೀಗೆ: 'ಅಕ್ಕಪಕ್ಕದ ಹಲ್ಲು ನೋಡಿ, ಅದೇ ಅಳತೆಯದೊಂದು ಕಟ್ಟಿಸಿ.' ಅಂದರೆ ಆ ವಾರ ಉಳಿದ ಕೂಸುಗಳ ಸರಾಸರಿ ಎಷ್ಟೋ, ಅಷ್ಟನ್ನು ಖಾಲಿ ಚೌಕಕ್ಕೆ ತುಂಬಿ.

ಓಬಳೇಶ ಬಿದ್ದು ಬಿದ್ದು ನಕ್ಕ. ಪುಸ್ತಕ ಮುಚ್ಚಿದ. ಶಾಯಿಯಲ್ಲಿ ಮುತ್ತಿನಂಥ ಅಂಕಿ ಬರೆದು ಎಲ್ಲ ಚೌಕ ತುಂಬಿದ. ಒಂದೂ ಹಲ್ಲು ಬಿದ್ದಿರದ ಬಾಯಿಯ ಹಾಗೆ ಪುಟ ತುಂಬಿ ಬಂತು. ಅವನಿಗೆ ತನ್ನ ಮೇಲೆಯೇ ಪ್ರೀತಿ ಬಂತು.

ಮರುದಿನ ಸೋಮವಾರ.

ತೂಗುವುದು ಮುಗಿದು, ತಾಯಂದಿರೆಲ್ಲ ಕೂಸುಗಳನ್ನು ಎತ್ತಿಕೊಂಡು ಹೋದರು. ದುರುಗವ್ವ ಒಬ್ಬಳು ಉಳಿದಳು. ಹೊಳೆಯಾಚೆಯ ಊರಿನವಳು. ವಾರವಾರವೂ ಬರಿಗೈಯಲ್ಲಿ ಬರುತ್ತಿದ್ದಳು, ಗುರುಗಳ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಆಶ್ರಮದ ಗಂಜಿ ಕುಡಿಯಲು ಬರುತ್ತಾಳೆ ಎಂದುಕೊಂಡು, ಓಬಳೇಶ ಅವಳಿಗೆ 'ಗಂಜಿ ಗೌರವ್ವ' ಎಂದು ಹೆಸರಿಟ್ಟಿದ್ದ.

"ನಮ್ಮ ಹುಲಿಗೆವ್ವಂದು ಓದ್ರಿ, ಅಜ್ಜಾರ," ಎಂದಳು ದುರುಗವ್ವ.

"ಇಷ್ಟು ದಿನ ಬಾಯಿಪಾಠದ ಮ್ಯಾಲ ಹೇಳ್ತಿದ್ದೆ, ತಂಗಿ. ಈಗ ಅದೂ ತಪ್ಪಾಕ ಹತ್ತೇತಿ. ಓಬಳೇಶ, ಕಡೀ ಸಾಲು ಓದು."

ಗುರುಗಳು ಜೋಳಿಗೆಯ ಬಟ್ಟೆ ಮಡಚುತ್ತ ಕೂತರು. ಓಬಳೇಶ ಓದಿದ.

"ಏಳು ಕಿಲೋ ನಾಕನೂರು. ಏಳು ನಾಕನೂರು. ಏಳು ಮುನ್ನೂರು."

ದುರುಗವ್ವ ಒಂದೊಂದಕ್ಕೂ ತಲೆಯಾಡಿಸಿದಳು. ಗೊತ್ತಿರುವ ಹಾಡು ಕೇಳುವವಳ ಹಾಗೆ ಅವಳ ತುಟಿಯೂ ಅಲುಗುತ್ತಿತ್ತು.

"ಏಳರ ಮ್ಯಾಲ ನೂರು. ಏಳು. ಆರು ಒಂಬತ್ತನೂರು. ಆರು ಎಂಟನೂರು."

ಅಲ್ಲಿಗೆ ಅವಳು ನೆಲಕ್ಕೆ ಕೈಯೂರಿ ಎದ್ದಳು. ಪ್ರತಿ ಸಲ ಅಲ್ಲಿಗೇ ಮುಗಿಯುತ್ತಿತ್ತು.

"ಒಂಬತ್ತೂವರಿ," ಎಂದು ಓದಿದ ಓಬಳೇಶ.

ಎದ್ದವಳು ಮತ್ತೆ ಕೂತಳು. ಗುರುಗಳ ಕೈ ಬಟ್ಟೆಯ ಮೇಲೆ ನಿಂತಿತು.

"ಯಾವ ವಾರದ್ದು ತಮ್ಮಾ, ಅದು?" ಎಂದು ದುರುಗವ್ವ ಕೇಳಿದಳು.

"ಪುಷ್ಯದ ಎರಡನೇ ಸೋಮವಾರದ್ದು."

"ಆ ಸೋಮವಾರ ಆಕಿ ಇರ್ಲಿಲ್ಲಪ್ಪ," ಎಂದಳು ದುರುಗವ್ವ. "ಹಿಂದಿನ ಗುರುವಾರನ ಮಣ್ಣು ಮಾಡಿದ್ವಿ."

ಓಬಳೇಶ ಮೆಲ್ಲಗೆ ಪುಸ್ತಕ ಮುಚ್ಚಲು ಹೋದ.

"ಮುಚ್ಚಬ್ಯಾಡ. ಮುಂದ ಬರದೈತಲ್ಲ, ಓದು."

"ಯವ್ವಾ, ಅದು ನಾನು..."

"ಓದು ತಮ್ಮಾ."

ಗುರುಗಳ ಕಡೆ ನೋಡಿದ. ಚೌಕದ ಮೇಲೆ ಬೆರಳಿಟ್ಟು ಓದಿದ.

"ಒಂಬತ್ತು ಆರನೂರು. ಒಂಬತ್ತು ಏಳನೂರು. ಒಂಬತ್ತು ಒಂಬತ್ತನೂರು. ಹತ್ತು."

"ಹತ್ತು," ಎಂದಳು ದುರುಗವ್ವ. "ಒಂಬತ್ತು ದಾಟಿದ್ರ ಗೆದ್ಲು ಅಂದಿದ್ರಿ ಅಜ್ಜಾರ, ನೀವು."

"ಅಂದಿದ್ದೆ, ತಂಗಿ."

"ಹತ್ತು ಕಿಲೋ ಅಂದ್ರ ಹೊತ್ಕೊಂಡು ಹೊಳಿ ದಾಟೂದ್ರಾಗ ಬಗಲು ನೋಯ್ತಿತ್ತು." ಸೊಂಟವನ್ನು ತುಸು ವಾರೆ ಮಾಡಿ ಒಂದು ಗಳಿಗೆ ಹಾಗೇ ಕೂತಳು. ಆಮೇಲೆ ಎದ್ದು ಸೆರಗು ಕೊಡವಿದಳು. "ಬರೋ ವಾರ ಬರ್ತೀನಿ. ಅದರ ಮುಂದಿಂದು ಓದಿ ಹೇಳು, ತಮ್ಮಾ."

ಹೊಳೆಯ ಕಡೆ ಇಳಿದು ಹೋದಳು. ನಡಿಗೆ ಬಂದಾಗಿನದಕ್ಕಿಂತ ಹಗುರವಾಗಿತ್ತು. ಅದನ್ನು ನೋಡಲಾಗದೆ ಓಬಳೇಶ ಒಳಗೆ ಹೋಗಿ ಬ್ಲೇಡು ತಂದ. ಐದು ಅಂಕಿಗಳನ್ನೂ ಕೆರೆದು ತೆಗೆಯಲು ಕೂತ.

ಗುರುಗಳು ತಡಕಿ ಪುಸ್ತಕದ ಮೇಲೆ ಅಂಗೈ ಇಟ್ಟರು.

"ತಪ್ಪು ಬರದೀನ್ರಿ ಅಜ್ಜಾರ. ಅಳಸ್ತೀನಿ."

"ನೀ ಬರದಾಗ ಅದು ತಪ್ಪಿತ್ತು. ಆಕಿ ಕೇಳಿದ ಮ್ಯಾಲ ಅದು ಕೂಸು."

ಓಬಳೇಶ ಬ್ಲೇಡು ಕೆಳಗಿಟ್ಟ.

"ಆ ಕೂಸಿಂದು ಫೋಟೋ ಇಲ್ಲೇನ್ರಿ?" ಎಂದು ಕೇಳಿದ.

"ಇಲ್ಲ. ಇದ್ದದ್ದು ಈ ಏಳು ಅಂಕಿ."

ಹೊಳೆಯಲ್ಲಿ ತೆಪ್ಪದ ಹುಟ್ಟಿನ ಸದ್ದು ಕೇಳಿಸಿತು. ಸದ್ದು ಆಚೆ ದಡ ಮುಟ್ಟುವಷ್ಟರಲ್ಲಿ ಓಬಳೇಶ, ಹಲ್ಲಿನ ಚಿತ್ರ ನೋಡಿ ಚೌಕ ತುಂಬಿದ್ದನ್ನು ಹೇಳಿಬಿಟ್ಟ.

"ಆ ಹಲ್ಲಿನ ಚಿತ್ರದ ಮುಂದಿನ ಪುಟ ಓದು," ಎಂದರು ಗುರುಗಳು.

ಓಬಳೇಶ ನಗೆಪುಸ್ತಕದ ಪುಟ ತಿರುವಿದ. ಅಲ್ಲಿ ಚಿತ್ರ ಇರಲಿಲ್ಲ. ನಾಲ್ಕೇ ಸಾಲು ಇತ್ತು. "'ಚೌಕ ಏಕೆ ಖಾಲಿ ಇದೆ ಎಂದು ಮೊದಲು ವಿಚಾರಿಸಿ. ವಿಚಾರಿಸದೆ ತುಂಬಬೇಡಿ. ಕೆಲವು ಚೌಕಗಳು ಖಾಲಿಯಾಗಿಯೇ ಇರಬೇಕು. ಅವುಗಳ ಲೆಕ್ಕ ಅದೇ.'"

ಓದಿ ಪುಸ್ತಕ ಕೆಳಗಿಟ್ಟ.

"ನಂದರಾಗೂ ಅದನ್ನ ಬರದೀನಿ," ಎಂದರು ಗುರುಗಳು. "ನಲವತ್ತನೇ ಪುಟದಾಗ. ಅಲ್ಲೀ ತನಕ ಮೂವತ್ತು ವರ್ಷದಾಗ ಎಷ್ಟು ಮಂದಿ ಎಚ್ಚರ ಇದ್ರೋ, ಗೊತ್ತಿಲ್ಲ."

"ಅದನ್ನ ಓದಿದ್ರ ನಿದ್ದಿ ಬಂತು. ಇದನ್ನ ಓದಿದ್ರ ನಗಿ ಬಂತು." ಓಬಳೇಶ ಮೊಣಕಾಲಿನ ಮೇಲೆ ಹಣೆ ಇಟ್ಟು ಅತ್ತ. ಗುರುಗಳು ಅವನ ಅಳು ಮುಗಿಯುವ ತನಕ ಪಕ್ಕದಲ್ಲಿ ಕೂತಿದ್ದರು.

"ಪಾಠ ನಂಗ ಬ್ಯಾಡ್ರಿ, ಅಜ್ಜಾರ."

"ಅದಕ್ಕ ನೀನ ಮಾಡಬೇಕು."

ಓಬಳೇಶ ಮೂಗು ಒರೆಸಿಕೊಂಡ. ಒಂದು ಕಡೆ ಗುರುಗಳ ಹಳೆಯ ಪುಸ್ತಕ ಇತ್ತು, ಒಂದು ಕಡೆ ನಗೆಪುಸ್ತಕ. ಎರಡನ್ನೂ ಮುಟ್ಟಲು ಅವನಿಗೆ ಹೆದರಿಕೆಯಾಯಿತು.

"ಹಂಗಾರ ಹುಡುಗ್ಯಾರಿಗೆ ಯಾವ ಪುಸ್ತಕ ತರ್ಲ್ರಿ?"

ಗುರುಗಳು ಕಾಣದ ಕಣ್ಣನ್ನು ಹೊಳೆಯ ಕಡೆ ತಿರುಗಿಸಿದರು.

"ಬರೋ ಸೋಮವಾರ ಆಕಿ ಬಂದು, ಹುಲಿಗೆವ್ವ ಈಗ ಎಷ್ಟಾಗ್ಯಾಳ ಅಂತ ಕೇಳ್ತಾಳ. ಏನು ಹೇಳಬೇಕು ಅನ್ನೂದು ಯಾವ ಪುಸ್ತಕದಾಗ ಬರದೈತೋ, ಅದನ್ನ ತಾ."