ಮಂಗಟ್ಟೆಯ ಗೋಡೆಗೆ ಅಳಿಲಿನ ಕಾವಲು

ತಾರೆಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಡಲೆಂದು, ಕೊಕ್ಕು ಹಿಡಿಸುವಷ್ಟು ಸಂದು ಬಿಟ್ಟು, ಬಾಗಿಲಿಗೆ ಮಣ್ಣಿನ ಗೋಡೆ ಮೆತ್ತಿಕೊಂಡು ಒಳಗೆ ಕುಳಿತಿತ್ತು. ಹೊರಗೆ ಕಾವಲಿದ್ದ ಅಳಿಲಿಗೆ ಆ ಗೋಡೆಯ ಒಂದೊಂದು ಗೀರೂ ಗೊತ್ತಿತ್ತು. ಗಂಡು ಮಂಗಟ್ಟೆ ಹಸಿಮಣ್ಣು ತಂದು ಬಿರುಕು ಮುಚ್ಚಿದಾಗಲೆಲ್ಲ ಅಳಿಲು, "ಗೋಡೆ ಬದಲಾಯಿತು! ಕಳ್ಳರು!" ಎಂದು ಅರಚುತ್ತಿತ್ತು. ಕೂಗು ಕೇಳಿ ಪ್ರತಿ ಸಲ ನೆರವಿಗೆ ಹಾರಿಬಂದು ಬೇಸತ್ತ ನೆರೆಯ ಕಾಜಾಣ ಹಕ್ಕಿಗಳು, "ಇನ್ನು ನಾವು ಬರುವುದಿಲ್ಲ" ಎಂದವು.

"ಹಾಗಾದರೆ ನಾನೂ ಕೂಗುವುದಿಲ್ಲ" ಎಂದು ಅಳಿಲು ಮುನಿಸಿಕೊಂಡಿತು.

"ಹಾಗನ್ನಬೇಡಣ್ಣ, ತಪ್ಪು ನಮ್ಮದು," ಎಂದಿತು ಒಳಗಿನಿಂದ ಹೆಣ್ಣು ಮಂಗಟ್ಟೆ. "ಇನ್ನು ಮೆತ್ತುವ ಮೊದಲೇ ನಿನಗೆ ಹೇಳುತ್ತೇವೆ. ಆಮೇಲೆ ನೀನೇ ಬಂದು ನೋಡು. ಹೇಳಿದಷ್ಟೇ ಆಗಿದ್ದರೆ, ಅದೇ ನಮ್ಮ ಗೋಡೆಯೆಂದು ನೆನಪಿಟ್ಟುಕೋ."

ಅಳಿಲು ಒಪ್ಪಿತು. ಮರ ಶಾಂತವಾಯಿತು.

ಒಂದು ಮಧ್ಯಾಹ್ನ, ಮೊದಲೇ ಹೇಳಿ ಮೆತ್ತಿದ್ದ ಗೋಡೆಯ ಮೇಲಂಚನ್ನು ನೋಡಲು ಹೋದ ಅಳಿಲಿಗೆ ಕೆಳಗೂ ಒಂದು ಹೊಸ ಗೀರು ಕಂಡಿತು. "ಇದನ್ನು ಯಾರೂ ನನಗೆ ಹೇಳಿಲ್ಲ!" ಎಂದು ಕೂಗಿತು. ಎಷ್ಟೋ ದಿನ ಸುಮ್ಮನಿದ್ದ ಅಳಿಲು ಕೂಗಿದ್ದರಿಂದ ಕಾಜಾಣಗಳು ಧಾವಿಸಿ ಬಂದು, ಮೊಟ್ಟೆಯಾಸೆಗೆ ಗೋಡೆ ಕೆರೆದು ರೆಂಬೆಯ ಮರೆಯಲ್ಲಿ ಅಡಗಿದ್ದ ಉಡವನ್ನು ಕುಕ್ಕಿ ಓಡಿಸಿದವು.

ಮಣ್ಣು ತರಲು ಹೊರಟ ಗಂಡು ಮಂಗಟ್ಟೆ ತಿರುಗಿ ಕೇಳಿತು: "ಅಣ್ಣಾ, ಈ ಗೀರು ಮುಚ್ಚಲೇ?"

"ಮುಚ್ಚು," ಎಂದಿತು ಅಳಿಲು. "ಬಂದು ನೋಡುತ್ತೇನೆ."