ನರಿ ಕೂಡಿಟ್ಟ ಬೇರು

ಒಂದು ಕಾಡಿನಲ್ಲಿ ಒಂದು ಆಸ್ಪತ್ರೆ ಇತ್ತು. ವೈದ್ಯ ಕರಡಿ ಆಲದ ಮರದ ಕೆಳಗೆ ಕೂತು ರೋಗಿಗಳನ್ನು ನೋಡುತ್ತಿತ್ತು. ಗಾಯ ಮಾಗಿಸುವ ಬೇರುಗಳ ಉಗ್ರಾಣ ಹಳ್ಳದ ಆಚೆಯ ಗುಹೆಯಲ್ಲಿತ್ತು. ಅದರ ಮೇಲ್ವಿಚಾರಣೆ ನರಿಯದು. ಎರಡಕ್ಕೂ ಮಾತುಕತೆಯೇ ಇಲ್ಲ. ಮೊಣಕಾಲುದ್ದದ ಹಳ್ಳ! ದಾಟಿ ಹೋಗಿ ಒಂದು ಮಾತಾಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಗುಹೆ ತುಂಬಿದ್ದರೆ ಸಿಂಹರಾಜ ಬೆನ್ನು ತಟ್ಟುತ್ತಾನೆಂದು ನರಿಗೆ ಗೊತ್ತಿತ್ತು. ಅದಕ್ಕೇ ಬೇರು ಕೇಳಿ ಬಂದವರನ್ನೆಲ್ಲ ಏನಾದರೊಂದು ನೆಪ ಹೇಳಿ ಸಾಗಹಾಕುತ್ತಿತ್ತು.

ಒಂದು ದಿನ ಜಿಂಕೆ ಕಾಲಿಗೆ ಗಾಯ ಮಾಡಿಕೊಂಡು ಬಂತು. ಅದರಷ್ಟು ವೇಗವಾಗಿ ಓಡುವವರು ಆ ಕಾಡಿನಲ್ಲೇ ಇರಲಿಲ್ಲ.

"ಬೇರು ಅರೆದು ಕಟ್ಟಬೇಕಮ್ಮ. ಹೋಗಿ ಇಸ್ಕೊಂಡು ಬಾ" ಎಂದಿತು ಕರಡಿ. ತಾನು ಮಾತ್ರ ಕೂತಲ್ಲಿಂದ ಏಳಲಿಲ್ಲ.

ಜಿಂಕೆ ಕುಂಟುತ್ತ ಹಳ್ಳ ದಾಟಿತು.

"ವೈದ್ಯರು ಎಲೆಯ ಮೇಲೆ ಉಗುರಿನ ಗುರುತು ಒತ್ತಿ ಕೊಡಬೇಕು. ಎಲ್ಲಿ ಎಲೆ?" ಎಂದಿತು ನರಿ.

ಜಿಂಕೆ ವಾಪಸು ಬಂತು. "ಅವನು ಹೇಳಿದ ಹಾಗೆ ಒತ್ತೋಕೆ ನಾನೇನು ಅವನ ಆಳಾ?" ಎಂದು ಕರಡಿ ಗೊಣಗುತ್ತಲೇ ಒತ್ತಿಕೊಟ್ಟಿತು.

"ಇದು ಆಲದ ಎಲೆ. ಮುತ್ತುಗದ ಎಲೆ ಆಗಬೇಕು" ಎಂದಿತು ನರಿ.

"ನರಿಯಣ್ಣಾ, ನೀನೂ ಕರಡಿಯಣ್ಣನೂ ಒಂದ್ಸಲ ಕೂತು ಮಾತಾಡ್ಕೊಳ್ಳಬಾರದಾ? ನನ್ನ ಕಾಲು ಹೋಗ್ತಾ ಇದೆ!" ಎಂದು ಜಿಂಕೆ ಅತ್ತಿತು. ನರಿ ಕೇಳಿಸಿಕೊಂಡರೆ ತಾನೇ! ಹೀಗೇ ಮೂರು ದಿನ ಅಲೆದು ಜಿಂಕೆಗೆ ಕುಂಟು ಶಾಶ್ವತವಾಯಿತು.

ಮುಂದಿನ ತಿಂಗಳು ನರಿಯ ಪಂಜಕ್ಕೇ ಚೂಪು ಕಲ್ಲು ಹೊಕ್ಕಿತು. ಗಾಯ ಕೀವಾದಾಗ ನರಿ ಒಂದು ಹೊರೆ ಬೇರು ಹೊತ್ತು ಮೊದಲ ಸಲ ಹಳ್ಳ ದಾಟಿ ಓಡೋಡಿ ಬಂತು. ಎಲೆಯ ಮಾತೇ ಇಲ್ಲ!

ಕರಡಿ ಮೂಸಿ ನೋಡಿತು. "ಎಲ್ಲಾ ಬೂಸ್ಟು ಹಿಡಿದಿದೆ. ಎಂಟು ದಿನ ದಾಟಿದ ಬೇರು ಮಣ್ಣಿಗೆ ಸಮ."

"ಮೊದಲೇ ಹೇಳೋಕೆ ನಿನಗೇನಾಗಿತ್ತು?"

"ನೀನು ಕೇಳಿದ್ಯಾ?"

ಪಂಜ ಕೊಳೆಯುತ್ತಿದ್ದಾಗಲೂ ಜಗಳ ಬೇರೆ!

"ಹೊಸ ಬೇರು ಬೆಟ್ಟದ ಆಚೆ ಇದೆ. ಸಂಜೆಯೊಳಗೆ ತಂದರೆ ಪಂಜ ಉಳಿಯುತ್ತೆ" ಎಂದಿತು ಕರಡಿ.

"ಅಷ್ಟು ಬೇಗ ಹೋಗಿಬರೋರು ಯಾರಿದ್ದಾರೆ?" ಎಂದು ನರಿ ನರಳಿತು.

ಕರಡಿಯೂ ನರಿಯೂ ಮರದ ಕೆಳಗೆ ಮಲಗಿದ್ದ ಜಿಂಕೆಯತ್ತ ತಿರುಗಿದವು.

"ನಾನಿದ್ದೆ" ಎಂದಿತು ಜಿಂಕೆ, ತನ್ನ ಕಾಲು ನೋಡಿಕೊಳ್ಳುತ್ತ.

ಕರಡಿ ತಲೆ ತಗ್ಗಿಸಿತು. ನರಿ ಅಂದಿನಿಂದ ಮೂರೇ ಕಾಲಲ್ಲಿ ನಡೆಯಿತು.

ನೀತಿ: ಮದ್ದು ಬಲ್ಲವರೂ ಮದ್ದು ಕಾಯುವವರೂ ಕೂತು ಮಾತಾಡದಿದ್ದರೆ, ಅವರ ಜಂಬಕ್ಕೆ ಮೊದಲು ರೋಗಿ ಬೆಲೆ ತೆರುತ್ತಾನೆ, ಕಡೆಗೆ ಅವರೂ ತೆರುತ್ತಾರೆ.