ಹೊಗೆಣಿಕೆ ಗುಡ್ಡ

ಕೊಪ್ಪಳ ಸೀಮೆಯಲ್ಲಿ ಕೆಂಪು ಮಸಾರಿ ನೆಲ ಮುಗಿದು ಎರೆಹೊಲಗಳು ಶುರುವಾಗುವ ಕಡೆ ಬಂಡಿಗೋನಾಳ ಎಂಬ ಊರಿದೆ. ಊರಿನ ಪಡುವಣಕ್ಕೆ ಒಂದು ಹರದಾರಿಯಷ್ಟು ದೂರದಲ್ಲಿ, ಯಾರೋ ಹೇರಿಟ್ಟು ಮರೆತುಹೋದಂತೆ ಬಂಡೆಯ ಮೇಲೆ ಬಂಡೆ ಕೂತ ಒಂದು ಬೋಳುಗುಡ್ಡ. ಸರ್ಕಾರದ ನಕಾಶೆಯಲ್ಲಿ ಅದನ್ನು ಹೊಂಗೆಗುಡ್ಡ ಎಂದು ಬರೆದಿದ್ದಾರೆ. ಮೋಜಣಿಗೆ ಬಂದ ಕಾರಕೂನ ಊರವರ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೆಂದು ಕಾಣುತ್ತದೆ. ಆ ಗುಡ್ಡದಲ್ಲಿ ಹುಡುಕಿದರೂ ಒಂದು ಹೊಂಗೆಯ ಮರ ಸಿಗದು. ಕಾರೆಕಂಟಿ, ಕಳ್ಳಿ, ಬಂಡೆಯ ಸಂದಿಗಳಲ್ಲಿ ಒಂದಿಷ್ಟು ಬಾದೆ ಹುಲ್ಲು, ಅಷ್ಟೆ. ಊರವರ ಬಾಯಲ್ಲಿ ಅದು ಹೊಗೆಣಿಕೆ ಗುಡ್ಡ. ಹೊಗೆಯನ್ನು ಎಣಿಸಿದ ಗುಡ್ಡ. ಎಣಿಸಿದವಳು ಹುಲಿಗೆವ್ವ ಎಂಬ ಸೂಲಗಿತ್ತಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಗೆ ಗಟ್ಟಿಯಾದ ದೊರೆಯೊಬ್ಬ ಇಲ್ಲದ ಕಾಲದಲ್ಲಿ, ಸುಗ್ಗಿ ಮುಗಿದು ಜೋಳ ಮನೆ ಸೇರುತ್ತಿದ್ದಂತೆ ಲೂಟಿಯ ದಂಡುಗಳು ಬರುತ್ತಿದ್ದವು. ಕುದುರೆಯ ಮೇಲೆ ಬರುವವರು. ಯಾವ ರಾಜನ ಕಡೆಯವರೂ ಅಲ್ಲ. ಕಾಳು ಹೂತಿಟ್ಟ ಹಗೇವಿನ ಬಾಯಿ ಎಲ್ಲಿದೆ ಎಂದು ಹೇಳದವರ ಬಾಯಿಗೆ ಬಿಸಿಬೂದಿ ತುಂಬುತ್ತಿದ್ದರಂತೆ. ಆ ವರ್ಷ ಭರತ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಮೂಡಲ ಹಾದಿಯ ಎರಡು ಊರುಗಳು ಸುಟ್ಟುಹೋದ ಸುದ್ದಿ ಬಂತು. ಬಂಡಿಗೋನಾಳಕ್ಕೆ ಮಣ್ಣಿನ ಕೋಟೆಯೂ ಗಟ್ಟಿ ಅಗಸೆ ಬಾಗಿಲೂ ಇದ್ದವು, ಕಾಯಲು ಬಂದೂಕುಗಳಿರಲಿಲ್ಲ. ಗುಡ್ಡದ ಹಿಂದಿನ ಕಣಿವೆ ಹಾದು ಹೊಳೆ ದಾಟಿದರೆ ಆಚೆ ದಡದ ದೊಡ್ಡ ಕೋಟೆಯವರು ಆಸರೆ ಕೊಡುತ್ತಿದ್ದರು. ದನಕರು, ಮಕ್ಕಳು, ಕಾಳಿನ ಚೀಲ ಎಲ್ಲ ಕಟ್ಟಿಕೊಂಡು ಹೊಳೆ ದಾಟಲು ಮೂರು ದಿನವಾದರೂ ಬೇಕು. ಊರಲ್ಲಿ ಹೊಗೆಯಾಡುತ್ತಿದ್ದರೆ ದಂಡಿನವರು ಒಳಗೆ ಕಾಯುವವರಿದ್ದಾರೆಂದು ಅಂಜಿ ಅಗಸೆಯ ಹೊರಗೇ ಒಂದೆರಡು ದಿನ ತಡೆಯುತ್ತಾರೆ. ಹೊಗೆಯಾಡದಿದ್ದರೆ ಅವರಿಗೆ ಊರು ಬರಿದಾದದ್ದು ತಿಳಿಯುತ್ತದೆ. ಕುದುರೆ ಬಿಟ್ಟರೆ ಅರ್ಧ ದಿನದಲ್ಲಿ ಕಣಿವೆ ಮುಟ್ಟುತ್ತಾರೆ. ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಚಾವಡಿಯಲ್ಲಿ ಊರು ಕೂಡಿತು. ಎಲ್ಲರೂ ತಲೆ ಕೆಳಗೆ ಹಾಕಿಕೊಂಡು ಕೂತಿದ್ದರು. ಕೊನೆಗೆ ಗೌಡನ ತಾಯಿ ಚೆನ್ನಬಸವ್ವ ಕಂಬ ಹಿಡಿದು ಎದ್ದು ನಿಂತಳು. ಎಪ್ಪತ್ತು ದಾಟಿದ ಮುದುಕಿ, ನಡು ಬಾಗಿತ್ತು, ದನಿ ಬಾಗಿರಲಿಲ್ಲ. "ಗುಡ್ಡ ಹತ್ತಾಕ ಆಗಲಾರದೋರು ನಾವು ಉಳೀತೀವಿ. ನಮ್ಮ ನಮ್ಮ ಒಲಿ ನಾವು ಹಚ್ಚತೀವಿ. ಊರಾಗ ಮಂದಿ ಐತಿ ಅಂತ ಅವ್ರು ಅಂದ್ಕೊಳ್ಳಿ" ಎಂದಳು. ಒಬ್ಬೊಬ್ಬರಾಗಿ, ಅವಳೂ ಸೇರಿ ಹನ್ನೊಂದು ಮಂದಿ ಹಿರಿಯರು ಎದ್ದರು. ಗುಡ್ಡ ಹತ್ತುವ ಕಸುವು ಇನ್ನೂ ಇದ್ದರೂ ಅವರಲ್ಲಿ ಹುಲಿಗೆವ್ವನೂ ಒಬ್ಬಳು. ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು, ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ಉಳಿದಿರಲಿಲ್ಲ. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರೇ ಆದ್ದರಿಂದ ಅವಳಿಗೆ ಆ ಕೊರತೆ ಅಷ್ಟಾಗಿ ಕಾಣುತ್ತಿರಲಿಲ್ಲ. ಮನೆಗೆ ಹೋಗಿ ಒಲೆ ಸಾರಿಸಿ, ಉರಿಸಲು ಇದ್ದಬದ್ದ ಕುಳ್ಳನ್ನು ಒಳಗೆ ಒಟ್ಟಿಕೊಂಡಳು.

ಮರುದಿನ ಜನ ಅಗಸೆ ದಾಟುತ್ತಿದ್ದಾಗ ಚೆನ್ನಬಸವ್ವ ಹುಲಿಗೆವ್ವನ ಮನೆ ಬಾಗಿಲಿಗೆ ಬಂದಳು. ಕಂಬಳಿ ನೇಯುವ ಅಮರಪ್ಪನ ಸೊಸೆ ದುರುಗವ್ವ ತುಂಬು ಬಸುರಿ, ಎತ್ತಿನ ಮೇಲೆ ಕೂಡಿಸುವಾಗಲೇ ನೋವು ಕಾಣಿಸಿಕೊಂಡಿತ್ತು. "ನೀ ಹೋಗವಾ ಹುಲಿಗೆವ್ವ" ಎಂದಳು ಚೆನ್ನಬಸವ್ವ. "ಸಾಯಾಕ ನಾವು ಹತ್ತು ಮಂದಿ ಸಾಕು. ಹಡಸಾಕ ನೀ ಒಬ್ಬಾಕಿನ ಅದಿ." ಹುಲಿಗೆವ್ವ ಏನೋ ಹೇಳಲು ಹೋದಳು, ಚೆನ್ನಬಸವ್ವ ಕೇಳಲಿಲ್ಲ. ಅವಳು ಒಟ್ಟಿದ್ದ ಕುಳ್ಳನ್ನು ತನ್ನ ಸೆರಗಿಗೆ ತುಂಬಿಕೊಂಡು ಹೊರಟೇಹೋದಳು.

ಅಗಸೆಯ ಹೊರಗೆ ದುರುಗವ್ವನ ಗಂಡ ಸೋಮಪ್ಪ ಎತ್ತಿನ ಹಗ್ಗ ಹಿಡಿದು ನಿಂತಿದ್ದ. ಅವನ ತಂದೆ ಅಮರಪ್ಪ ಚಾವಡಿಗೆ ಬಂದಿರಲಿಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಕೂತು ಮೊಣಕಾಲೂ ಹೋಗಿದ್ದವು. "ನಿಮ್ಮಪ್ಪ ಎಲ್ಲಿ?" ಎಂದು ಹುಲಿಗೆವ್ವ ಕೇಳಿದಳು. "ಅಪ್ಪನೂ ಉಳೀತಾನ ಯವ್ವಾ. ಒಪ್ಪ್ಯಾನ" ಎಂದ ಸೋಮಪ್ಪ. ಅವನು ಎತ್ತಿನ ಕಡೆ ನೋಡುತ್ತಲೇ ಹೇಳಿದನೆಂಬುದು ಅವಳಿಗೆ ಆಮೇಲೆ ನೆನಪಾಯಿತು. ಆಗ ಅವಳ ಗಮನವೆಲ್ಲ ದುರುಗವ್ವನ ಹೊಟ್ಟೆಯ ಮೇಲಿತ್ತು.

ಗುಡ್ಡ ಏರುವಷ್ಟರಲ್ಲಿ ದುರುಗವ್ವನಿಗೆ ಎತ್ತಿನ ಮೇಲೆ ಕೂರಲು ಆಗದಾಯಿತು. ಊರವರೆಲ್ಲ ಕಣಿವೆಗೆ ಇಳಿದುಹೋದರು. ಇವರು ಮೂವರು ನೆತ್ತಿಯ ಹತ್ತಿರ ಒಂದು ಬಂಡೆಯ ಮರೆಯಲ್ಲಿ ಉಳಿದರು. ಮರುದಿನ ಬೆಳಗಾದಾಗ ಹುಲಿಗೆವ್ವ ಬಂಡೆಯ ಅಂಚಿಗೆ ಬಂದು ಊರ ಕಡೆ ನೋಡಿದಳು. ಕೋಟೆಯ ಆಚೆ ಕುದುರೆಗಳು ಇರುವೆಯ ಸಾಲಿನಂತೆ ಕಂಡವು. ಕೋಟೆಯ ಒಳಗೆ ಹೊಗೆ ಏಳುತ್ತಿತ್ತು. ಅವಳು ಎಣಿಸಿದಳು. ಗೌಡನ ವಾಡೆಯಿಂದ ಒಂದು, ಅದು ಚೆನ್ನಬಸವ್ವನದು. ಕುಂಬಾರ ಓಣಿಯಿಂದ ಒಂದು. ಹನುಮಪ್ಪನ ಗುಡಿಯ ಹಿಂದೆ ಒಂದಕ್ಕೊಂದು ಅಂಟಿದಂತೆ ಎರಡು. ಅವು ನೀಲವ್ವ, ಸಾವಂತ್ರೆವ್ವ ಎಂಬ ವಾರಗಿತ್ತಿಯರವು. ನಡುಗೋಡೆಯ ಜಗಳಕ್ಕೆ ಹದಿನೆಂಟು ವರ್ಷದಿಂದ ಮಾತು ಬಿಟ್ಟವರು ಅವರು. ಹೀಗೆ ಎಣಿಸುತ್ತ ಬಂದರೆ ಹತ್ತು. ಮತ್ತೆ ಎಣಿಸಿದಳು, ಹತ್ತೇ. ಅಮರಪ್ಪನ ಮನೆಯ ಮಾಳಿಗೆಯ ಮೇಲೆ ಹೊಗೆ ಇರಲಿಲ್ಲ.

ಅವಳು ಸೋಮಪ್ಪನನ್ನು ಕರೆದು ತೋರಿಸಿದಳು. ಅವನು ನೋಡಿದ, ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಖರೇ ಹೇಳು. ಒಪ್ಪ್ಯಾನೇನು?"

"ಕೇಳಲಿಲ್ಲ ಯವ್ವಾ" ಎಂದ. "ಮಗ್ಗದಾಗ ಕುಂತಿದ್ದ, ಬೆನ್ನು ಈ ಕಡಿಗಿತ್ತು. ಹಂಗ ಬಂದ್ಬಿಟ್ಟೆ. ಕೇಳಿದ್ರ, ಬರ್ತೀನಿ ಅಂತಂದಿದ್ರ ನಾ ಏನ್ ಮಾಡ್ಲಿ? ಎತ್ತು ಇರೂದು ಒಂದ."

 ಸೋಮಪ್ಪನೂ ಹುಲಿಗೆವ್ವನ ಕೈಯಲ್ಲೇ ಹುಟ್ಟಿದವನು. ಅಮರಪ್ಪ ಆ ದಿನ ಹೊರಗಿನ ಕಟ್ಟೆಯ ಮೇಲೆ ಕೂತು, ಕೂಸಿನ ಅಳು ಕೇಳಿಸದೆ, ಗಂಡೋ ಹೆಣ್ಣೋ ಎಂದು ಕೈಸನ್ನೆಯಲ್ಲಿ ಕೇಳಿದ್ದು ಅವಳಿಗೆ ನೆನಪಿತ್ತು. ಈಗ ಬರಿದಾದ ಮನೆಯಲ್ಲಿ ಅವನು ತಲೆ ಎತ್ತಿ, ಮಗನನ್ನು ಕೂಗಿ, ಉತ್ತರ ಬಂತೋ ಇಲ್ಲವೋ ತಿಳಿಯದೆ ಮತ್ತೆ ಕೂಗುತ್ತಿರಬಹುದು. ಅದನ್ನು ನೆನೆಯುತ್ತಲೇ ಅವಳು ದುರುಗವ್ವನ ಬಳಿಗೆ ಹೋದಳು.

ಎರಡನೆಯ ದಿನ ಸೂರ್ಯ ಮಾರುದ್ದ ಏರಿದಾಗ ನೋಡಿದರೆ ಹೊಗೆ ಹನ್ನೊಂದಾಗಿತ್ತು. ಅಮರಪ್ಪನ ಮನೆಯಿಂದಲೂ ಹೊಗೆ ಏಳುತ್ತಿತ್ತು, ಉಳಿದವುಗಳಿಗಿಂತ ಕಪ್ಪಾಗಿ, ದಪ್ಪವಾಗಿ. ಸೋಮಪ್ಪ ಅದನ್ನು ನೋಡಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ಹೊತ್ತಿಗೆ ದಂಡಿನ ಏಳೆಂಟು ಕುದುರೆಗಳು ಗುಡ್ಡದ ಬುಡದ ಹೊಂಡಕ್ಕೆ ನೀರಿಗೆ ಬಂದಿದ್ದವು. ದುರುಗವ್ವ ಬಾಯಿಗೆ ಸೆರಗಿನ ಗಂಟು ತುರುಕಿಕೊಂಡು, ಬಂಡೆಗೆ ಬೆನ್ನು ಕೊಟ್ಟು ಹೆತ್ತಳು. ಹೆಣ್ಣುಕೂಸು. ನಲವತ್ತು ವರ್ಷ ಸೂಲಗಿತ್ತಿತನ ಮಾಡಿದ ಹುಲಿಗೆವ್ವ ಅದುವರೆಗೆ ಪ್ರತಿ ಕೂಸಿನ ಮೊದಲ ಅಳುವಿಗಾಗಿ ಉಸಿರು ಹಿಡಿದು ಕಾದವಳು; ಅಂದು ಅಳು ಹೊರಡುವ ಮೊದಲೇ ಅಂಗೈಯಿಂದ ಕೂಸಿನ ಬಾಯಿ ಮುಚ್ಚಿದಳು. ಮೂಗಿನ ಉಸಿರು ಬೆರಳಿಗೆ ತಾಗುತ್ತಿದೆಯೇ ಎಂದು ನೋಡುತ್ತ, ಕುದುರೆಗಳು ನೀರು ಕುಡಿದು ತಿರುಗುವವರೆಗೆ ಆ ಕೈಯನ್ನು ಹಾಗೇ ಹಿಡಿದಿದ್ದಳು. ಕೂಸು ಬದುಕಿತು. ಆ ಕೈಯಿಂದ ಮತ್ತೆ ಯಾರಿಗೂ ಹೆರಿಗೆ ಮಾಡಿಸಲು ಅವಳಿಗೆ ಧೈರ್ಯವಾಗಲಿಲ್ಲ ಎನ್ನುತ್ತಾರೆ.

ಮೂರನೆಯ ಬೆಳಗ್ಗೆಯೂ ಹನ್ನೊಂದು ಹೊಗೆ ಎದ್ದವು. ವಾರಗಿತ್ತಿಯರ ಪೈಕಿ ಸಾವಂತ್ರೆವ್ವನ ಹೊಗೆ ನಡುವೆ ತೆಳ್ಳಗಾಗಿ ನಿಂತೇಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಕುದುರೆಗಳೆಲ್ಲ ಅಗಸೆಯ ಮುಂದೆ ಒಟ್ಟಾದವು. ಬಾಗಿಲು ಮುರಿದ ಸದ್ದು ಅಷ್ಟು ದೂರ ಕೇಳಿಸಲಿಲ್ಲ. ಕುಂಬಾರ ಓಣಿಯ ಹೊಗೆ ಮೊದಲು ಅಗಲವಾಯಿತು, ಆಮೇಲೆ ಗುಡಿಯ ಹಿಂದಿನವು, ಆಮೇಲೆ ವಾಡೆಯದು. ಹುಲಿಗೆವ್ವ ಎಣಿಸುತ್ತಲೇ ಇದ್ದಳು. ಒಂಬತ್ತು, ಏಳು, ನಾಲ್ಕು. ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಇಡೀ ಊರಿನ ಮೇಲೆ ಒಂದೇ ಹೊಗೆ.

ಹೊಳೆ ದಾಟಿದವರಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಹತ್ತು ದಿನದ ಮೇಲೆ, ದಂಡು ಬಡಗಣಕ್ಕೆ ಹೋದದ್ದು ಖಾತ್ರಿಯಾದಾಗ ಜನ ಹಿಂದಿರುಗಿದರು. ಸುಟ್ಟುಹೋದವರನ್ನು ಗುರುತಿಸುವ ಕೆಲಸ ಹುಲಿಗೆವ್ವನ ಪಾಲಿಗೆ ಬಂತು. ಅವಳು ಅದನ್ನು ಮಾಡಿದಳು. ಯಾರ ಯಾವ ಬೆರಳು ಸೊಟ್ಟ, ಯಾರ ಕಾಲಲ್ಲಿ ಯಾವ ಕಡಗ ಎಂಬುದು ಅವಳಿಗೆ ತಿಳಿದಿತ್ತು. ಹನ್ನೊಂದು ಮನೆಯ ಒಲೆಗಳನ್ನೂ ಕೆದಕಿ ನೋಡಿದಳು. ಕುಳ್ಳಿನ ಬಣವೆಗಳೆಲ್ಲ ಕೋಟೆಯ ಹೊರಗಿದ್ದವು. ಒಳಗಿದ್ದದ್ದು ಒಂದೂವರೆ ದಿನಕ್ಕೂ ಸಾಲುವಂತಿರಲಿಲ್ಲ. ಚೆನ್ನಬಸವ್ವ ತಾನು ಮದುವೆಯಾಗಿ ಬಂದಾಗ ತಂದ ಮಂಚವನ್ನು ಮುರಿದು ಒಲೆಗೆ ಹಾಕಿದ್ದಳು. ಸಾವಂತ್ರೆವ್ವ ನೀಲವ್ವನ ಮನೆಯಲ್ಲಿ ಸಿಕ್ಕಳು. ನಡುಗೋಡೆಯಲ್ಲಿ ಕೈ ಹಿಡಿಸುವಷ್ಟು ಕಿಂಡಿ ಕೊರೆದು ಕೆಂಡ ದಾಟಿಸಿದ ಗುರುತಿತ್ತು. ಅಮರಪ್ಪನ ಒಲೆಯಲ್ಲಿ ಮಗ್ಗದ ದಿಂಡು ಅರ್ಧ ಉರಿದು ನಿಂತಿತ್ತು, ಸುತ್ತ ಸುಟ್ಟ ಉಣ್ಣೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಮಗ್ಗದ ಮೇಲಿದ್ದ ಅರ್ಧ ನೇಯ್ದ ಕಂಬಳಿಯನ್ನೂ ಅವನು ಸುಟ್ಟಿದ್ದ. ಆ ಹೊಗೆ ಅಷ್ಟು ಕಪ್ಪಗಿದ್ದದ್ದು ಅದರಿಂದ. ಅವನಿಗೆ ಯಾರು, ಹೇಗೆ ತಿಳಿಸಿದರು ಎಂಬುದನ್ನು ಹೇಳಲು ಯಾರೂ ಉಳಿದಿರಲಿಲ್ಲ.

ಮಳೆಗಾಲದ ಮುಂಚೆ ಗೌಡ ಒಂದು ದೊಡ್ಡ ಕಲ್ಲು ತರಿಸಿದ. ಹನ್ನೊಂದು ಮಂದಿ ಹಿರಿಯರು ಕೈಮುಗಿದು ನಿಂತಂತೆ, ಮೇಲೆ ಅವರನ್ನು ಪಲ್ಲಕ್ಕಿಯಲ್ಲಿ ಕೈಲಾಸಕ್ಕೆ ಒಯ್ಯುವಂತೆ ಕೆತ್ತಿಸಿ, ಊರಿಗಾಗಿ ತಾವಾಗಿಯೇ ಪ್ರಾಣ ಕೊಟ್ಟರೆಂದು ಬರೆಸುವುದು ಅವನ ಮನಸ್ಸಿನಲ್ಲಿತ್ತು. ಕಲ್ಲುಕುಟಿಗ ಕಲ್ಲನ್ನು ನುಣ್ಣಗೆ ಮಾಡಿ, ಉಳಿ ಹಿಡಿದ ದಿನ ಹುಲಿಗೆವ್ವ ಬಂದು ಅಡ್ಡ ನಿಂತಳು. "ಹತ್ತು ಅಂತ ಕೆತ್ತಸ್ರಿ. ಹನ್ನೊಂದನೇದಾವನ್ನ ಯಾರೂ ಕೇಳಿಲ್ಲ" ಎಂದಳು. ಸೋಮಪ್ಪ ಜನರ ನಡುವೆ ಅವಳ ಕಾಲು ಹಿಡಿದ. ಅಪ್ಪನ ಹೆಸರಿಗೆ ಇಷ್ಟಾದರೂ ಇರಲಿ ಬಿಡು ಯವ್ವಾ ಎಂದು ಅತ್ತ. ಕೂಸನ್ನು ಎತ್ತಿಕೊಂಡ ದುರುಗವ್ವ ದೂರ ನಿಂತು ನೋಡಿದಳು. ಗೌಡನಿಗೆ ಸಿಟ್ಟು ಬಂತು. ಸತ್ತವರ ಮುಂದೆ ಒಂದು ಮನೆಯ ಮಾನ ಕಳೆಯುತ್ತೀಯಾ ಎಂದು ಗದರಿದ.

"ಒಂದ ಮನಿದಲ್ಲೋ ಗೌಡ" ಎಂದಳು ಹುಲಿಗೆವ್ವ. "ನಿಮ್ಮವ್ವನ್ನ ನೀ ಕೇಳಿದ್ಯಾ? ನೀವೆಲ್ಲ ತಲಿ ಕೆಳಗ ಹಾಕ್ಕೊಂಡು ಕುಂತಿದ್ರಿ. ಅವ್ರ ಸಾವು ಅವ್ರ ಬಾಯಿಲೆ ಅವ್ರ ಹೇಳಬೇಕಾತು. ಇವನೊಬ್ಬ ಬೆನ್ನ ಹಿಂದ ಬಿಟ್ಟು ಬಂದ, ನೀವು ಎದುರಿಗೆ ಕುಂತು ಬಿಟ್ಟು ಬಂದ್ರಿ."

 ಗೌಡ ಕಲ್ಲುಕುಟಿಗನಿಗೆ ಉಳಿ ಕೆಳಗಿಡಲು ಹೇಳಿದ.

ಹುಲಿಗೆವ್ವ ಆಮೇಲೆ ಒಂಬತ್ತು ವರ್ಷ ಬದುಕಿದಳು. ವರ್ಷಕ್ಕೊಮ್ಮೆ, ಊರು ಸುಟ್ಟ ಭರತ ಹುಣ್ಣಿಮೆಯ ದಿನ, ಗುಡ್ಡ ಏರಿ ಬಂಡೆಯ ಅಂಚಿನಲ್ಲಿ ಕೂತು ಹನ್ನೊಂದು ಮಂದಿಯ ಬದುಕನ್ನು ಒಂದೊಂದಾಗಿ ಹೇಳುತ್ತಿದ್ದಳು. ಮೊದಲ ವರ್ಷ ಕೇಳಲು ದುರುಗವ್ವ ಒಬ್ಬಳೇ ಇದ್ದಳಂತೆ. ಎರಡನೆಯ ವರ್ಷ ಗೌಡ ಬಂದ, ಮುಂದೆ ಊರೇ ಬರತೊಡಗಿತು. ಅವಳು ಯಾರನ್ನೂ ದೇವರು ಮಾಡಲಿಲ್ಲ. ಚೆನ್ನಬಸವ್ವ ಸೊಸೆಯರ ಪಾಲಿಗೆ ಉರಿಯಾಗಿದ್ದಳು, ಬಾಣಂತಿಯರ ಮನೆಗೆ ಮಾತ್ರ ಕದ್ದು ತುಪ್ಪ ಕಳಿಸುತ್ತಿದ್ದಳು ಎನ್ನುವಳು. ಕುಂಬಾರ ಓಣಿಯ ಬಾಳಪ್ಪ ಕುಡಿದು ಹೆಂಡತಿಯನ್ನು ಹೊಡೆದವನು, ಅವಳು ಸತ್ತ ಮೇಲೆ ಹೆಂಡ ಮುಟ್ಟಲಿಲ್ಲ ಎನ್ನುವಳು. ಅಮರಪ್ಪನದನ್ನು ಕೊನೆಗೆ ಹೇಳುವಳು. ಅವನು ಬಿಗಿಯಾಗಿ ನೇಯ್ದ ಕಂಬಳಿಯಲ್ಲಿ ನೀರು ನಿಲ್ಲುತ್ತಿತ್ತು, ಹಟಮಾರಿ, ಉಪ್ಪು ಕಡಿಮೆಯಾದರೆ ಗಂಗಾಳ ದೂಡುತ್ತಿದ್ದ, ಇಂಥವನನ್ನು ಕೇಳದೆ ಬಿಟ್ಟು ಬಂದೆವು, ಬಿಟ್ಟು ಬಂದವರಿಗಾಗಿ ಮಗ್ಗ ಸುಟ್ಟ. ಸೋಮಪ್ಪ ಏಳು ವರ್ಷ ಗುಡ್ಡ ಹತ್ತಲಿಲ್ಲ. ಎಂಟನೆಯ ವರ್ಷ ಹತ್ತಿದ. ಅಮರಪ್ಪನ ಸರದಿ ಬಂದಾಗ ಹುಲಿಗೆವ್ವ ಸುಮ್ಮನಾದಳು, ಅವನೇ ಎದ್ದು ನಿಂತು ಹೇಳಿದ.

ಇಂದಿಗೂ ಗುಡ್ಡದ ಬುಡದಲ್ಲಿ ಆ ಕಲ್ಲು ನಿಂತಿದೆ. ನೋಡಲು ಬಂದವರು ಅಕ್ಷರ ಸವೆದುಹೋಗಿವೆ ಎಂದುಕೊಂಡು ಕೈಯಾಡಿಸಿ ಹುಡುಕುತ್ತಾರೆ. ಅದರ ಮೇಲೆ ಎಂದೂ ಏನೂ ಕೆತ್ತಿರಲಿಲ್ಲ. ಭರತ ಹುಣ್ಣಿಮೆಯ ದಿನ ಹೋದವರಿಗೆ ಇನ್ನೊಂದು ಕಾಣುತ್ತದೆ. ಅಂದು ಬೆಳಗ್ಗೆ ಬಂಡಿಗೋನಾಳದ ಪ್ರತಿ ಮನೆಯಲ್ಲೂ ಹಿರಿಯರ ಎದುರಿಗೆ ಹೋಗಿ, ಮುಖಕ್ಕೆ ಮುಖ ಕೊಟ್ಟು, "ಗುಡ್ಡಕ್ಕ ಬರ್ತೀಯೇನು?" ಎಂದು ಕೇಳಬೇಕು. ಹಾಸಿಗೆ ಹಿಡಿದವರನ್ನೂ ಕೇಳಬೇಕು, ಅರಿವು ತಪ್ಪಿದವರನ್ನೂ ಕೇಳಬೇಕು. ಬರುತ್ತೇನೆ ಎಂದವರನ್ನು ಬಿಟ್ಟು ಯಾರೂ ಹೊಸ್ತಿಲು ದಾಟುವಂತಿಲ್ಲ. ಆದ್ದರಿಂದ ಆ ದಿನ, ಬಿಸಿಲೇರುವ ಹೊತ್ತಿಗೆ, ಬಂಡೆಗಳ ನಡುವಿನ ಕಡಿದಾದ ಹಾದಿಯಲ್ಲಿ ಜನ ತಮ್ಮ ತಮ್ಮ ಮುದುಕರನ್ನು ಬೆನ್ನ ಮೇಲೆ ಹೊತ್ತು, ಏದುಸಿರು ಬಿಡುತ್ತ, ನಿಂತು ನಿಂತು ಏರುತ್ತಿರುವುದು ಕಾಣುತ್ತದೆ.